ರೈಲು ಬಾರದ ಸ್ಟೇಷನ್ನು

ಬರುವ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಆಸ್ಟ್ರೇಲಿಯದ ಒಂದು ಸ್ಟೇಷನ್ನಿನಲ್ಲಿ ನಾಲ್ಕು ರಾತ್ರಿ ತಂಗಲಿದ್ದೇವೆ ಎಂಬ ಸುದ್ದಿಯನ್ನು ಬೆಳಗಿನ ವಾಯುವಿಹಾರದ ಮಿತ್ರರೊಬ್ಬರಿಗೆ ಹೇಳಿದೆ. ಅವರು ನಡಿಗೆಯನ್ನು ನಿಲ್ಲಿಸಿ, ಬಹಳ ಮರುಕದಿಂದ, "ಯಾಕೆ ಮೇಷ್ಟ್ರೇ, ಮಗಳ ಮನೆಯಲ್ಲಿ ಜಾಗ ಸಾಲದೇ?" ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಸ್ಟೇಷನ್ ಎಂದರೆ ಎರಡೇ. ಒಂದು ರೈಲಿನದು, ಇನ್ನೊಂದು ಪೊಲೀಸರದು. ಎರಡರಲ್ಲಿಯೂ ರಾತ್ರಿ ಕಳೆಯುವುದು ಮರ್ಯಾದಸ್ಥರಿಗೆ ಒಪ್ಪುವ ಸಂಗತಿಯಲ್ಲ.

ಆಸ್ಟ್ರೇಲಿಯದಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಒಳನಾಡಿನ ಒಣಭೂಮಿಯಲ್ಲಿ ಕುರಿಗಳನ್ನೋ ದನಗಳನ್ನೋ ಸಾಕುವ ವಿಶಾಲವಾದ ಹುಲ್ಲುಗಾವಲಿನ ಹಿಡುವಳಿಗೆ ಅಲ್ಲಿ ಸ್ಟೇಷನ್ ಎನ್ನುತ್ತಾರೆ. ವಿಶಾಲ ಎಂದರೆ ಎಷ್ಟು ಎಂಬುದನ್ನು ನನ್ನ ಹಳೆಯ ಭೂಗೋಳ ಪಾಠದ ರೀತಿಯಲ್ಲಿಯೇ ಹೇಳುತ್ತೇನೆ. ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿ. ಅದರ ವಿಸ್ತೀರ್ಣ 13,415 ಚದರ ಕಿಲೋಮೀಟರ್. ದಕ್ಷಿಣ ಆಸ್ಟ್ರೇಲಿಯದಲ್ಲಿರುವ ಆ್ಯನಾ ಕ್ರೀಕ್ ಎಂಬ ದನಗಳ ಸ್ಟೇಷನ್ನಿನ ವಿಸ್ತೀರ್ಣ 23,000 ಚದರ ಕಿಲೋಮೀಟರಿಗೂ ಮಿಗಿಲು. ಒಂದೇ ಹಿಡುವಳಿ, ಬೆಳಗಾವಿ ಜಿಲ್ಲೆಯ ಒಂದೂಮುಕ್ಕಾಲರಷ್ಟು! ನಾವು ಹೋಗಲಿರುವುದು ಅಷ್ಟು ದೊಡ್ಡದಕ್ಕಲ್ಲ. ಕುರಿ ಸಾಕುವ ಒಂದು ಕುಟುಂಬದ ಸ್ಟೇಷನ್ನು. ಆದರೂ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟಿದೆ. ಹಿಂದೆ ತುಪ್ಪಟ ಕತ್ತರಿಸಲು ಬರುತ್ತಿದ್ದ ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಸಾಲುಮನೆಯನ್ನು ಈಗ ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುತ್ತಾರೆ. ಬರಗಾಲದಲ್ಲಿ ಕುರಿಯಿಂದ ಬಾರದ ಆದಾಯ ಅತಿಥಿಗಳಿಂದ ಸ್ವಲ್ಪವಾದರೂ ಬರುತ್ತದೆ. ಇಂಥ ಎಷ್ಟೋ ಸ್ಟೇಷನ್ನುಗಳು ಈಗ ಅಲ್ಲಿವೆ.

ಎಪ್ಪತ್ತು ದಾಟಿದ ಸಸ್ಯಾಹಾರಿ ದಂಪತಿಗಳಿಗೆ ಕುರಿಗಳ ರಾಜ್ಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಮಗಳೂ ಅದನ್ನೇ ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದರೆ ಒಂದು ಇಪ್ಪತ್ತು ಡಾಲರಿನ ನೋಟಿನಿಂದ ಪ್ರಾರಂಭಿಸಬೇಕು.

ಕಳೆದ ಸಲ ಅಡಿಲೇಡಿನ ಮಗಳ ಮನೆಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ತರಕಾರಿ ಕೊಂಡು, ನೋಟು ಕೊಡುವ ಮುನ್ನ ಅದರ ಮೇಲಿದ್ದ ಕನ್ನಡಕದ ಮುಖವನ್ನು ಕಂಡು "ಇವರು ಯಾರು?" ಎಂದು ಅಳಿಯನನ್ನು ಕೇಳಿದೆ. ಅವನಿಗೆ ತಿಳಿದಿರಲಿಲ್ಲ. ಅಂಗಡಿಯ ಹೆಂಗಸು ತಾನಾಗಿಯೇ, "ಅವರು ಜಾನ್ ಫ್ಲಿನ್, ಹಾರುವ ಡಾಕ್ಟರನ್ನು ಕೊಟ್ಟವರು" ಎಂದಳು. ಮನೆಗೆ ಬಂದು ಓದತೊಡಗಿದೆ. ಫ್ಲಿನ್ ಒಬ್ಬ ಪಾದ್ರಿ. ನೂರಾರು ಮೈಲಿಗಳ ಅಂತರದಲ್ಲಿ ಚದುರಿದ್ದ ಒಳನಾಡಿನ ಜನ ವೈದ್ಯರಿಲ್ಲದೆ ಸಾಯುತ್ತಿದ್ದುದನ್ನು ಕಂಡವರು. ಅವರ ಪ್ರಯತ್ನದಿಂದ 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಎಂಬ ಊರಿನಿಂದ ವೈದ್ಯರನ್ನು ಹೊತ್ತ ಮೊದಲ ವಿಮಾನ ಹೊರಟಿತು. ಆದರೆ ವಿಮಾನವಿದ್ದರೆ ಸಾಕೇ? "ನನ್ನ ಮಗುವಿಗೆ ಜ್ವರ" ಎಂದು ಆ ದೂರದ ಮನೆಯಾಕೆ ತಿಳಿಸುವುದು ಹೇಗೆ? ವಿದ್ಯುತ್ತಿಲ್ಲ, ತಂತಿಯಿಲ್ಲ. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರು ಕಾಲಿನಿಂದ ತುಳಿದು ವಿದ್ಯುತ್ ಉತ್ಪಾದಿಸುವ ರೇಡಿಯೋವನ್ನು ಮಾಡಿಕೊಟ್ಟರು. 1929ರಲ್ಲಿ ಅದು ಬಳಕೆಗೆ ಬಂತು. ಹೊಲಿಗೆ ಯಂತ್ರದಂತೆ ತುಳಿಯುವುದು, ಸುದ್ದಿ ಕಳಿಸುವುದು. ಮುಂದೆ ಪ್ರತಿ ಸ್ಟೇಷನ್ನಿಗೂ ಒಂದು ಔಷಧದ ಪೆಟ್ಟಿಗೆ ಬಂತು. ಅದರಲ್ಲಿನ ಔಷಧಗಳಿಗೆಲ್ಲ ಸಂಖ್ಯೆಗಳು. ಡಾಕ್ಟರು ದೂರದಿಂದಲೇ ಇಂಥ ಸಂಖ್ಯೆಯ ಮಾತ್ರೆ ಕೊಡಿ ಎಂದರೆ ಮುಗಿಯಿತು; ಹೆಸರು ಓದಲು ತಡವರಿಸಬೇಕಾಗಿಲ್ಲ.

ಇದೆಲ್ಲವನ್ನೂ ಮೆಚ್ಚುಗೆಯಿಂದ ಓದಿದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಪುಟ. ಅಡಿಲೇಡ್ ಮೀತ್ಕೆ ಎಂಬ ಮಹಿಳೆ — ಊರಿನ ಹೆಸರೇ ಅವರ ಹೆಸರು — ಶಿಕ್ಷಕಿಯಾಗಿದ್ದು ಶಾಲಾ ಇನ್‌ಸ್ಪೆಕ್ಟರರಾದವರು. ನಿವೃತ್ತಿಯ ನಂತರ ಹಾರುವ ಡಾಕ್ಟರ ಸೇವೆಯ ಸಮಿತಿಯಲ್ಲಿದ್ದರು. ಸ್ಟೇಷನ್ನುಗಳ ಮಕ್ಕಳು ಆ ರೇಡಿಯೋವನ್ನು ಎಷ್ಟು ಸಲೀಸಾಗಿ ಬಳಸುತ್ತಾರೆಂಬುದನ್ನು ಅವರು ಗಮನಿಸಿದರು. ಡಾಕ್ಟರ ಮಾತು ಬರುವ ದಾರಿಯಲ್ಲಿ ಟೀಚರ ಮಾತೇಕೆ ಬರಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. 1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸಿನಲ್ಲಿ 'ಸ್ಕೂಲ್ ಆಫ್ ದಿ ಏರ್', ಅಂದರೆ ಗಾಳಿಯ ಶಾಲೆ, ವಿಧ್ಯುಕ್ತವಾಗಿ ಪ್ರಾರಂಭವಾಯಿತು. ಟೀಚರು ಊರಿನಲ್ಲಿ ಕುಳಿತು ಹಾಜರಿ ಕರೆಯುತ್ತಾರೆ. ಮಕ್ಕಳು ನೂರಾರು ಮೈಲಿ ಆಚೆಯಿಂದ ಒಬ್ಬೊಬ್ಬರಾಗಿ ಉತ್ತರಿಸುತ್ತಾರೆ. ರೇಡಿಯೋ ಹೋಗಿ, 2000ರ ದಶಕದಲ್ಲಿ ಉಪಗ್ರಹದ ಮೂಲಕ ಮುಖ ನೋಡಿ ಮಾತನಾಡುವ ವ್ಯವಸ್ಥೆ ಬಂತು. ಹಾಜರಿ ಕರೆಯುವುದು ಮಾತ್ರ ನಿಂತಿಲ್ಲ.

ಹಾಜರಿ ಎಂಬ ಆ ಒಂದು ಪದದಿಂದ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಇಲ್ಲಿ ಓದುವವರಲ್ಲಿ ಹಲವರು ನನ್ನ ಕೈಕೆಳಗೆ ಕಲಿತವರು, ನಿಮಗೆ ಹೇಳಲೇಬೇಕು.

1981. ಶರಾವತಿಯ ಹಿನ್ನೀರಿನ ದಡದ ಒಂದು ಶಾಲೆಯಲ್ಲಿ ನಾನು ಏಳನೆಯ ತರಗತಿಯ ಉಪಾಧ್ಯಾಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರು ತುಂಬಿ ಊರು ಊರುಗಳೇ ಮುಳುಗಿದವು. ಉಳಿದ ಗುಡ್ಡಗಳ ನೆತ್ತಿಗಳು ದ್ವೀಪಗಳಾದವು. ಹಿನ್ನೀರಿನ ಒಂದು ಚಾಚಿನ ಆಚೆ ಬದಿಯಿಂದ ನಾಲ್ಕೈದು ಮಕ್ಕಳು ಚಿಕ್ಕ ದೋಣಿಯಲ್ಲಿ ಶಾಲೆಗೆ ಬರುತ್ತಿದ್ದರು. ಅವರಲ್ಲೊಬ್ಬಳು ಹುಡುಗಿ. ಹೆಸರು ಬರೆಯುವುದಿಲ್ಲ. ಬಾಯಿಲೆಕ್ಕದಲ್ಲಿ ಅವಳಷ್ಟು ಚುರುಕಾದವರನ್ನು ಮೂವತ್ತಾರು ವರ್ಷಗಳ ಸೇವೆಯಲ್ಲಿ ನಾನು ಹೆಚ್ಚು ಮಂದಿಯನ್ನು ಕಂಡಿಲ್ಲ. ಮಳೆಗಾಲದಲ್ಲಿ ಗಾಳಿ ಎದ್ದರೆ ದೋಣಿ ಬಿಡುತ್ತಿರಲಿಲ್ಲ. ಆ ವರ್ಷ ಜೂನ್ ಕಡೆಯಿಂದ ಅವಳು ಬರಲೇ ಇಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಶಾಲಾ ತನಿಖೆಯ ದಿನ ಹತ್ತಿರ ಬಂತು. ಸತತವಾಗಿ ಗೈರುಹಾಜರಾದವರ ಹೆಸರನ್ನು ತೆಗೆಯಬಹುದೆಂಬ ನಿಯಮವಿತ್ತು. ನಾನು ಕೆಂಪು ಶಾಯಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ.

ನಿಯಮವಿತ್ತು ಎಂದೆ. ಅದು ಅರ್ಧಸತ್ಯ. ನಿಯಮವು 'ತೆಗೆಯಬಹುದು' ಎನ್ನುತ್ತಿತ್ತೇ ಹೊರತು 'ತೆಗೆಯಲೇಬೇಕು' ಎನ್ನುತ್ತಿರಲಿಲ್ಲ. ಆ ಹೆಸರು ಇದ್ದಿದ್ದರೆ ನನ್ನ ತರಗತಿಯ ಹಾಜರಾತಿಯ ಸರಾಸರಿ ಕುಸಿಯುತ್ತಿತ್ತು. ತನಿಖಾಧಿಕಾರಿಗಳು ಒಂದು ಮಾತು ಕೇಳುತ್ತಿದ್ದರು. ಆ ಒಂದು ಮಾತಿಗೆ ಹೆದರಿ ಗೆರೆ ಎಳೆದೆ. ದಸರಾ ರಜೆ ಮುಗಿದ ಮೇಲೆ ಅವಳು ಅಪ್ಪನ ಜೊತೆ ಬಂದು ಬಾಗಿಲಲ್ಲಿ ನಿಂತಳು. ಎಣ್ಣೆ ಹಾಕಿ ಬಾಚಿದ ಎರಡು ಜಡೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪುಸ್ತಕಗಳು. ನಾನು, "ಪಾಠ ಬಹಳ ಮುಂದೆ ಹೋಗಿದೆ, ಪಬ್ಲಿಕ್ ಪರೀಕ್ಷೆಯ ವರ್ಷ, ಬರುವ ಜೂನ್‌ಗೆ ಬಾ" ಎಂದೆ. ಆ ತಂದೆ ಎದುರು ಮಾತನಾಡಲಿಲ್ಲ. ಆಗಿನವರು ಮೇಷ್ಟರಿಗೆ ಎದುರು ಮಾತನಾಡುತ್ತಿರಲಿಲ್ಲ; ಅದೇ ನಮ್ಮಂಥವರ ಅದೃಷ್ಟ. ಬರುವ ಜೂನ್‌ಗೆ ಅವಳು ಬರಲಿಲ್ಲ.

ವಿಚಿತ್ರವೆಂದರೆ, ನಮ್ಮ ಶಾಲೆಗೂ ಒಂದು ರೇಡಿಯೋ ಬಂದಿತ್ತು. ಆಕಾಶವಾಣಿಯ ಶಾಲಾ ಪಾಠಗಳನ್ನು ಮಕ್ಕಳಿಗೆ ಕೇಳಿಸಲಿ ಎಂದು. ಅದು ಬೀರುವಿನಲ್ಲಿ ಭದ್ರವಾಗಿತ್ತು. ಟೆಸ್ಟ್ ಪಂದ್ಯಗಳಿದ್ದಾಗ ನಾವು ಉಪಾಧ್ಯಾಯರು ಅದನ್ನು ಹೊರಗೆ ತೆಗೆಯುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ನಾನೇಕೆ ಆ ಸ್ಟೇಷನ್ನಿಗೆ ಹೋಗಬಯಸಿದೆನೆಂಬುದು ತಿಳಿದಿರಬಹುದು. ಶಾಲೆಗೆ ಬರಲಾಗದ ಮಗುವಿನ ಹೆಸರನ್ನು ಅಳಿಸದೆ, ಶಾಲೆಯನ್ನೇ ಮಗುವಿದ್ದಲ್ಲಿಗೆ ಕಳಿಸುವುದು ಹೇಗಿರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮಗಳಿಗೆ ಅಷ್ಟೇ ಹೇಳಿದೆ. ಅವಳು ಹುಡುಕಿ, ಹಾಗೆ ಮನೆಯಲ್ಲಿಯೇ ಕುಳಿತು ಓದುವ ಮಕ್ಕಳಿರುವ ಒಂದು ಸ್ಟೇಷನ್ನನ್ನು ಪತ್ತೆಮಾಡಿದಳು. ಅಲ್ಲಿಂದ ತಯಾರಿಯ ಕಥೆ.

ಮೊದಲ ತಪ್ಪು ನನ್ನದೇ. ಅಲ್ಲಿ ಬೇಸಿಗೆಯಲ್ಲಿ ಹೋಗುವಂತಿಲ್ಲ. ದಕ್ಷಿಣ ಆಸ್ಟ್ರೇಲಿಯದ ಊಡ್ನಡಾಟ ಎಂಬಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿತ್ತು. ನಮ್ಮ ಮಳೆಗಾಲದ ತಿಂಗಳುಗಳು ಅಲ್ಲಿ ಚಳಿಗಾಲ. ಹಗಲು ಹಿತ, ರಾತ್ರಿ ಕೊರೆಯುವ ಚಳಿ. ಹಾಗಾಗಿ ಜುಲೈ ಮಧ್ಯಭಾಗವನ್ನು ಆರಿಸಿ, ದಿನಾಂಕವನ್ನೂ ಗೊತ್ತುಮಾಡಿದೆ. ಸ್ಟೇಷನ್ನಿನ ಒಡತಿ ಬಹಳ ಸೌಜನ್ಯದಿಂದ ಉತ್ತರ ಬರೆದರು: ಬನ್ನಿ, ಸಂತೋಷ, ಆದರೆ ಆಗ ಶಾಲೆಗೆ ರಜೆ! ಜೀವಮಾನವಿಡೀ ರಜೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಬದುಕಿದವನು ನಾನು; ಶಾಲೆ ನೋಡಲು ಹೊರಟು ಶಾಲೆಯ ರಜೆಯನ್ನು ವಿಚಾರಿಸಲಿಲ್ಲ. ಶ್ರೀಮತಿ ಒಂದು ದಿನವೆಲ್ಲ ನಕ್ಕಳು. ಅಲ್ಲಿನ ಮೂರನೆಯ ಅವಧಿ ಜುಲೈ ಕೊನೆಯ ಹೊತ್ತಿಗೆ ಪ್ರಾರಂಭವಾಗುತ್ತದೆ. ಪ್ರಯಾಣ ಆಗಸ್ಟಿಗೆ ಹೋಯಿತು.

ಎರಡನೆಯದು ದಾರಿ. ಅಡಿಲೇಡಿನಿಂದ ಉತ್ತರಕ್ಕೆ ಫ್ಲಿಂಡರ್ಸ್ ಪರ್ವತಶ್ರೇಣಿಯ ಹಾಕರ್ ಎಂಬ ಊರಿಗೆ ಸುಮಾರು 400 ಕಿಲೋಮೀಟರ್, ಅಲ್ಲಿಯವರೆಗೆ ಡಾಂಬರು. ಆಮೇಲೆ ಕೆಂಪುಮಣ್ಣಿನ ರಸ್ತೆ. ಬಾಡಿಗೆಗೆ ಸಿಗುವ ಸಾಮಾನ್ಯ ಕಾರುಗಳನ್ನು ಮಣ್ಣಿನ ರಸ್ತೆಗೆ ಇಳಿಸಲು ಸಾಧಾರಣವಾಗಿ ಒಪ್ಪುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿಯಿರುವ ಗಾಡಿಯೇ ಬೇಕು. ಅಳಿಯ ಪಟ್ಟಿ ಮಾಡಿದ್ದಾನೆ: ಹೆಚ್ಚುವರಿ ಚಕ್ರ ಎರಡು, ಕುಡಿಯುವ ನೀರು, ಬೇಕಾದುದಕ್ಕಿಂತ ಹಲವು ದಿನ ಹೆಚ್ಚಿಗೆ, ಮೊಬೈಲ್ ಕೆಲಸ ಮಾಡದ ಕಡೆ ಬಳಸಲು ಬಾಡಿಗೆಯ ಉಪಗ್ರಹ ಫೋನು, ಗುಂಡಿ ಒತ್ತಿದರೆ ಇರುವ ಸ್ಥಳವನ್ನು ತಿಳಿಸುವ ಒಂದು ಸಣ್ಣ ಆಪತ್ಸೂಚಕ ಯಂತ್ರ. ಮುಸ್ಸಂಜೆಯ ನಂತರ ಗಾಡಿ ಓಡಿಸಬಾರದು, ಕಾಂಗರೂಗಳು ಅಡ್ಡ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆಯಬಾರದು. ಹುಡುಕುವವರಿಗೆ ವಿಮಾನದಿಂದ ಗಾಡಿ ಕಾಣುತ್ತದೆ. ಒಂಟಿ ಮನುಷ್ಯ ಕಾಣುವುದಿಲ್ಲ. ಹೀಗೆ ನಡೆದುಹೋಗಿ ಪ್ರಾಣ ಕಳೆದುಕೊಂಡವರುಂಟು.

ಆ ದಾರಿಯಲ್ಲಿ, ಕ್ವಾರ್ನ್ ಮತ್ತು ಹಾಕರ್ ಊರುಗಳ ನಡುವೆ, ನಕ್ಷೆಯ ಮೇಲೆ ಒಂದು ಹೆಸರು ಕಂಡು ಬೆರಗಾದೆ: ಕನ್ಯಕಾ! ನಮ್ಮ ಕನ್ಯಕೆಗೂ ಅದಕ್ಕೂ ಸಂಬಂಧವಿಲ್ಲ. ಅದು ಅಲ್ಲಿಯ ಮೂಲನಿವಾಸಿಗಳ ನುಡಿಯಿಂದ ಬಂದ ಹೆಸರು. ಹ್ಯೂ ಪ್ರೋಬಿ ಎಂಬ ತರುಣ ಅಲ್ಲಿ ಸ್ಟೇಷನ್ ಕಟ್ಟಲು ಹೊರಟ. 1852ರ ಆಗಸ್ಟಿನಲ್ಲಿ, ಚದುರಿದ ದನಗಳನ್ನು ಒಟ್ಟುಗೂಡಿಸಲು ಕುದುರೆಯೇರಿ ಹೋದವನು, ವರ್ಷದ ಬಹುಕಾಲ ಒಣಗಿರುವ ವಿಲ್ಲೋಕ್ರಾ ಹಳ್ಳಕ್ಕೆ ಏಕಾಏಕಿ ಬಂದ ನೆರೆಯಲ್ಲಿ ಕೊಚ್ಚಿಹೋದ. ಮರಳುಗಾಡಿನಂಥ ನೆಲದಲ್ಲಿ ನೀರಿನಲ್ಲಿ ಮುಳುಗಿ ಸಾಯುವುದೆಂದರೆ! ಅವನ ನಂತರದವರು ಕಟ್ಟಿದ ಕಲ್ಲಿನ ಮನೆಗಳು ಇಂದು ಮಾಡಿಲ್ಲದ ಗೋಡೆಗಳಾಗಿ ನಿಂತಿವೆ. ದಾರಿಯುದ್ದಕ್ಕೂ ಇಂಥ ಪಾಳು ಮನೆಗಳು. ಅದಕ್ಕೂ ಒಂದು ಕಾರಣವಿದೆ. 1865ರಲ್ಲಿ ಜಾರ್ಜ್ ಗಾಯ್ಡರ್ ಎಂಬ ಭೂಮಾಪನದ ಮುಖ್ಯಾಧಿಕಾರಿ ಕುದುರೆಯ ಮೇಲೆ ಸುತ್ತಿ, ನೆಲದ ಗಿಡಗಂಟೆಗಳನ್ನು ನೋಡಿ, ನಕ್ಷೆಯ ಮೇಲೆ ಒಂದು ಗೆರೆ ಎಳೆದ: ಇದರ ಉತ್ತರಕ್ಕೆ ಮಳೆಯನ್ನು ನಂಬಬೇಡಿ, ಬಿತ್ತಬೇಡಿ ಎಂದು. 1870ರ ದಶಕದಲ್ಲಿ ನಾಲ್ಕು ಒಳ್ಳೆಯ ಮಳೆಯಾದಾಗ, ನೇಗಿಲು ಹೋದ ಕಡೆ ಮಳೆ ತಾನಾಗಿ ಹಿಂಬಾಲಿಸುತ್ತದೆ ಎಂದು ನಂಬಿ ಜನ ಗೆರೆ ದಾಟಿದರು. 1880ರ ದಶಕದ ಬರ ಅವರನ್ನು ಹಿಂದಕ್ಕಟ್ಟಿತು. ಗೆರೆ ಎಳೆಯುವವರಲ್ಲಿಯೂ ಎರಡು ಬಗೆ. ನೆಲವನ್ನು ಸುತ್ತಿ ನೋಡಿ ಗೆರೆ ಎಳೆದವನದು ಇಂದಿಗೂ ನಿಂತಿದೆ. ಕುರ್ಚಿಯಲ್ಲಿ ಕುಳಿತು ಗೆರೆ ಎಳೆದವನು ಇಲ್ಲಿ ಇದನ್ನು ಬರೆಯುತ್ತಿದ್ದಾನೆ.

ಇನ್ನೊಂದು ಮಾತನ್ನೂ ಹೇಳದೆ ಬಿಡಬಾರದು. ಆ ನೆಲ ಖಾಲಿಯಾಗಿರಲಿಲ್ಲ. ಫ್ಲಿಂಡರ್ಸ್ ಪರ್ವತಗಳು ಅದ್ನ್ಯಾಮಥನ ಜನರ ನಾಡು. ಕುರಿಗಳು ಬಂದಾಗ ಅವರನ್ನು ಯಾರೂ ಕೇಳಲಿಲ್ಲ; ಅವರ ನೀರಿನ ಕಣ್ಣುಗಳ ಪಕ್ಕದಲ್ಲಿಯೇ ಸ್ಟೇಷನ್ನುಗಳು ಎದ್ದವು. ಪರ್ವತಸೀಮೆಯ ಬಹುಭಾಗದಲ್ಲಿ ಅವರ ಪರಂಪರಾಗತ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2009ರಲ್ಲಿ. ಅಣೆಕಟ್ಟಿಗಾಗಿ ಮನೆಮಠ ಬಿಟ್ಟವರ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ದೂರದ ವಿಷಯವೆನಿಸಲಿಲ್ಲ.

ಮೂರನೆಯದು ನನ್ನ ಹೃದಯ. ಅದರಲ್ಲಿ ಒಂದು ಸ್ಟೆಂಟ್ ಇದೆ. ಮಗಳು ಕಣ್ಣಲ್ಲಿ ನೀರು ತಂದುಕೊಂಡು, "ಅಪ್ಪ, ಆಸ್ಪತ್ರೆಗೆ ಅರ್ಧ ದಿನದ ದಾರಿ, ಏನಾದರೂ ಆದರೆ?" ಎಂದಳು. ನಾನು ಸುಮ್ಮನಾದೆ, ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆಗ ಮಾತನಾಡಿದವಳು ನನ್ನ ಶ್ರೀಮತಿ. "ನೀನು ಹುಟ್ಟಿದ ರಾತ್ರಿ ಹಳ್ಳ ತುಂಬಿತ್ತು. ಎತ್ತಿನ ಗಾಡಿ ಈಚೆ ದಡದಲ್ಲಿ, ಆಸ್ಪತ್ರೆ ಆಚೆ ದಡದಲ್ಲಿ. ಬೆಳಗಿನವರೆಗೆ ಗಾಡಿಯಲ್ಲಿಯೇ ಇದ್ದೆ. ಅಲ್ಲಿಗೆ ವಿಮಾನವಾದರೂ ಬರುತ್ತದೆಯಂತೆ. ನಮಗೆ ಯಾವ ವಿಮಾನ ಬಂದಿತ್ತು?" ಎಂದಳು. ಮಗಳು ಮತ್ತೆ ಆ ಮಾತು ಎತ್ತಲಿಲ್ಲ. ಸ್ಟೇಷನ್ನಿನಲ್ಲಿ ವಿಮಾನ ಇಳಿಯುವ ಮಣ್ಣಿನ ಓಡುದಾರಿ ಇದೆಯೆಂದೂ, ಔಷಧದ ಪೆಟ್ಟಿಗೆ ಇದೆಯೆಂದೂ ಒಡತಿ ತಿಳಿಸಿದ್ದಾರೆ. ನಮ್ಮ ವೈದ್ಯರು ಪರೀಕ್ಷಿಸಿ, ಹೋಗಿಬನ್ನಿ ಎಂದು ಪತ್ರ ಕೊಟ್ಟಿದ್ದಾರೆ. ಮಾತ್ರೆಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಚೀಲಗಳಲ್ಲಿ ಇಡಬೇಕೆಂಬುದು ಶ್ರೀಮತಿಯ ಆಜ್ಞೆ.

ಊಟದ ವಿಷಯದಲ್ಲಿ ನಾನು ಬಹಳ ಸಂಕೋಚದಿಂದ ಬರೆದಿದ್ದೆ. ಕುರಿ ಸಾಕುವವರ ಮನೆಗೆ ಹೋಗಿ ನಾವು ಮಾಂಸ ತಿನ್ನುವುದಿಲ್ಲ ಎನ್ನುವುದು, ಅಕ್ಕಸಾಲಿಗನ ಅಂಗಡಿಗೆ ಹೋಗಿ ನಾವು ಚಿನ್ನ ಮುಟ್ಟುವುದಿಲ್ಲ ಎಂದಂತೆ. ಒಡತಿಯ ಉತ್ತರ ಸರಳವಾಗಿತ್ತು. ಸಾಲುಮನೆಯಲ್ಲಿ ಒಲೆಯಿದೆ, ಪಾತ್ರೆಗಳಿವೆ, ಛಾವಣಿಯಿಂದ ಹಿಡಿದಿಟ್ಟ ಮಳೆನೀರಿದೆ. ಧಾನ್ಯ ತರಕಾರಿಗಳನ್ನು ನೀವೇ ತನ್ನಿ, ಹತ್ತಿರದ ಅಂಗಡಿಗೆ ಹೋಗಿಬರಲು ಒಂದು ದಿನ ಬೇಕು. ಒಂದು ಸಂಜೆ ನಿಮ್ಮ ಅಡುಗೆಯನ್ನು ನಮಗೂ ಬಡಿಸಿ. ಶ್ರೀಮತಿ ಕೂಡಲೇ ಬಿಸಿಬೇಳೆಬಾತ್ ಎಂದು ತೀರ್ಮಾನಿಸಿದಳು. ಆಸ್ಟ್ರೇಲಿಯದ ಸುಂಕದವರು ಬೀಜ, ಹಸಿ ಎಲೆಗಳ ವಿಷಯದಲ್ಲಿ ಬಹು ಕಟ್ಟುನಿಟ್ಟು. ಒಯ್ಯುವ ತಿನಿಸನ್ನೆಲ್ಲ ಬರೆದು ತೋರಿಸಬೇಕು. ಆದ್ದರಿಂದ ಸಾಮಾನನ್ನು ಅಡಿಲೇಡಿನ ಭಾರತೀಯ ಅಂಗಡಿಯಲ್ಲಿಯೇ ಕೊಳ್ಳುವುದೆಂದಾಗಿದೆ.

ಅದೇ ಪತ್ರದಲ್ಲಿ ಅವರು ಇನ್ನೊಂದು ಮಾತು ಬರೆದಿದ್ದರು. ಮಳೆ ಬಿದ್ದರೆ ಮಣ್ಣಿನ ರಸ್ತೆಯನ್ನು ಮುಚ್ಚುತ್ತಾರೆ. ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದರೆ ದಂಡ. ಹಾಗಾದರೆ ನೀವು ಬರಲಾಗುವುದಿಲ್ಲ. "ಅಂಥ ದಿನ ಬಂದರೆ ದಯವಿಟ್ಟು ನಮ್ಮನ್ನು ಕ್ಷಮಿಸಿ, ನಾವು ಬಹಳ ಸಂತೋಷವಾಗಿರುತ್ತೇವೆ" ಎಂದಿದ್ದರು. 2024 ಮತ್ತು 2025ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಬಹುಭಾಗ ಕಠಿಣ ಬರವನ್ನು ಕಂಡಿತು. ಆ ಸಾಲನ್ನು ಓದಿದ ಮೇಲೆ ಪ್ರಯಾಣ ಸುಗಮವಾಗಲಿ ಎಂದು ದೇವರಿಗೆ ಕೈಮುಗಿಯುವುದನ್ನು ಬಿಟ್ಟಿದ್ದೇನೆ. ನನ್ನ ನಾಲ್ಕು ರಾತ್ರಿಗಳಿಗಾಗಿ ಅವರಿಗೆ ಮಳೆ ಬೇಡವೆನ್ನಲು ನಾನು ಯಾರು?

ಪಾಠ ನೋಡುವುದಕ್ಕೂ ಒಪ್ಪಿಗೆ ಸಿಕ್ಕಿದೆ. ಇಬ್ಬರು ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಟೀಚರು ತೆರೆಯ ಮೇಲೆ ಬರುವುದು ದಿನದಲ್ಲಿ ಸ್ವಲ್ಪ ಹೊತ್ತು. ಉಳಿದ ಸಮಯವೆಲ್ಲ ತಾಯಿಯೇ ಪಕ್ಕದಲ್ಲಿ ಕುಳಿತು ಕಲಿಸುವುದು. ಹಿಂದಿನ ಕುರ್ಚಿಯಲ್ಲಿ ಸದ್ದಿಲ್ಲದೆ ಕುಳಿತಿರಬಹುದೆಂದು ಹೇಳಿದ್ದಾರೆ. ಆದರೆ ಮಕ್ಕಳಿಗೂ ಒಂದು ಕುತೂಹಲವಂತೆ. ಪತ್ರದ ಕೊನೆಗೆ ಅವರ ಪ್ರಶ್ನೆಯನ್ನು ಸೇರಿಸಿದ್ದರು: "ನಿಮ್ಮ ಶಾಲೆಯಲ್ಲಿ ದೂರದ ಮಕ್ಕಳು ಹೇಗೆ ಶಾಲೆಗೆ ಬರುತ್ತಿದ್ದರು?"

ಈ ಪ್ರಶ್ನೆಗೆ ಉತ್ತರ ಬರೆಯಲು ಕುಳಿತು ಮೂರು ದಿನ ಕಳೆದೆ. ದೋಣಿಯಲ್ಲಿ ಬರುತ್ತಿದ್ದರು ಎಂದು ಬರೆದೆ. ಮಕ್ಕಳಿಗೆ ಅದು ಬಲು ಸೊಗಸಾಗಿ ಕಾಣುತ್ತದೆ. ದೋಣಿ ಬಾರದ ದಿನ? ಎಂಬುದು ಅವರ ಮುಂದಿನ ಪ್ರಶ್ನೆಯಾಗುತ್ತದೆ. ಮಕ್ಕಳನ್ನು ನಾನು ಬಲ್ಲೆ. ಅದಕ್ಕೆ ನನ್ನ ಉತ್ತರವೇನು?

ಆ ಹುಡುಗಿಯನ್ನು ನಾನು ಮತ್ತೆ ಒಮ್ಮೆ ನೋಡಿದ್ದೇನೆ. ವರ್ಷಗಳ ಹಿಂದೆ, ಸಾಗರದ ಮಾರಿಕಾಂಬಾ ಜಾತ್ರೆಯ ಜನಸಂದಣಿಯಲ್ಲಿ. ಮದುವೆಯಾಗಿ ತುಮರಿಯ ಕಡೆ ಇದ್ದಳು. ನಾನು ಗುರುತಿಸಲಿಲ್ಲ, ಅವಳೇ ಬಂದು ಕಾಲಿಗೆರಗಿ, ಮಕ್ಕಳಿಗೆ "ಇವರು ನಮ್ಮ ಮೇಷ್ಟ್ರು" ಎಂದು ಪರಿಚಯ ಮಾಡಿಕೊಟ್ಟಳು. ನಮ್ಮ ಮೇಷ್ಟ್ರು! ಬಯ್ದಿದ್ದರೆ ಹಗುರಾಗುತ್ತಿತ್ತು. "ಮನೆಗೆ ಬನ್ನಿ ಸಾರ್" ಎಂದು ಕರೆದಳು. ಹಿನ್ನೀರು ದಾಟಬೇಕು, ಲಾಂಚಿಗೆ ಕಾಯಬೇಕು, ಇನ್ನೊಮ್ಮೆ ನೋಡೋಣ ಎಂದು ನುಣುಚಿಕೊಂಡೆ. ಅವಳು ಚಿಕ್ಕವಳಿದ್ದಾಗ ದಿನವೂ ದಾಟಿ ಬಂದ ನೀರನ್ನು ದಾಟಲು ನನಗೆ ಒಂದು ದಿನವೂ ಪುರುಸೊತ್ತಾಗಲಿಲ್ಲ.

ಈಗ ಆ ನೆಪವೂ ಇಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಕಟ್ಟಿದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚಿಗೆ ಕಾಯದೆ ದಾಟಬಹುದು. ಸಮುದ್ರ ದಾಟಿ, ನೀರು ಹೊತ್ತು, ಎರಡು ಚಕ್ರ ಹೆಚ್ಚಿಗೆ ಕಟ್ಟಿಕೊಂಡು ದೂರದ ಮನೆಯೊಂದರ ಮಕ್ಕಳನ್ನು ನೋಡಲು ಹೊರಟಿರುವವನು, ಹತ್ತಿರದ ಈ ಮನೆಗೆ ಹೋಗದೆ ವಿಮಾನ ಹತ್ತುವುದು ಸರಿಯಲ್ಲವೆಂದು ಶ್ರೀಮತಿಯೂ ಹೇಳಿದಳು. ಆದ್ದರಿಂದ ನಮ್ಮ ಪ್ರವಾಸದ ಪಟ್ಟಿಯಲ್ಲಿ ಒಂದು ಬದಲಾವಣೆಯಾಗಿದೆ. ಮೊದಲನೆಯ ನಿಲುಗಡೆ ತುಮರಿಯ ಕಡೆಯ ಆ ಮನೆ. ಅವಳ ಊರಿನವರೊಬ್ಬರ ಮೂಲಕ ಹೇಳಿಕಳಿಸಿದ್ದೇನೆ. ಬರುವ ತಿಂಗಳ ಮೊದಲ ಭಾನುವಾರ ಬನ್ನಿ ಎಂದು ಉತ್ತರ ಬಂದಿದೆ. ಹೋಗಿ, ಅಂದು ಹೆಸರು ತೆಗೆದದ್ದು ನಿಯಮವಲ್ಲ, ನಾನು ಎಂದು ಹೇಳಬೇಕು. ಆಮೇಲೆ, ನೀನು ಶಾಲೆಗೆ ಬರುತ್ತಿದ್ದ ದಾರಿ ಹೇಗಿತ್ತು, ಬಾರದ ದಿನಗಳಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಬೇಕು. ಅವಳು ಹೇಳಿದರೆ, ಒಪ್ಪಿದರೆ, ಅದನ್ನೇ ಆ ಮಕ್ಕಳಿಗೆ ಉತ್ತರವಾಗಿ ಒಯ್ಯುತ್ತೇನೆ. ಹೇಳಲು ಇಷ್ಟಪಡದಿದ್ದರೆ ಅವಳ ಮನೆಯ ಕಾಫಿ ಕುಡಿದು ಬರುತ್ತೇನೆ.

ನಿಮ್ಮಲ್ಲಿಯೂ ದೋಣಿಯಲ್ಲಿ, ಸಂಕದ ಮೇಲೆ, ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬಂದವರು ಎಷ್ಟೋ ಜನರಿದ್ದೀರಿ. ಹಾಜರಿ ಕರೆದಾಗ ನಿಮ್ಮ ಕಾಲು ಒದ್ದೆಯಾಗಿದೆಯೇ ಎಂದು ನಾನು ಎಂದೂ ನೋಡಿದವನಲ್ಲ. ಬಿಡುವಾದಾಗ ನಿಮ್ಮ ದಾರಿಯ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಮಳೆಯಾಗಿ ರಸ್ತೆ ಮುಚ್ಚದಿದ್ದರೆ, ಆ ಮನೆಯ ಜಗುಲಿಯಲ್ಲಿ ಕುಳಿತು ಆ ಇಬ್ಬರು ಮಕ್ಕಳಿಗೆ ಓದಿ ಹೇಳುತ್ತೇನೆ. ಮಳೆಯಾಗಿ ಮುಚ್ಚಿದರೆ ಅವರಿಗೆ ಒಳ್ಳೆಯದಾಯಿತೆಂದು ಸಂತೋಷಪಟ್ಟು, ಅಂಚೆಯಲ್ಲಿ ಕಳಿಸುತ್ತೇನೆ.